ಜಾಲದ ನಂಟು ಮನೆಬಾಗಿಲಿಗೂ ಬರಲಿ

2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಉಕ್ಕಿ ಹರಿದು ಗೋಕಾಕ ನಗರವೂ ಮಸಗುಪ್ಪಿಯೇ ಮೊದಲಾದ ನದಿತೀರದ ಗ್ರಾಮಗಳೂ ನೆರೆಗೆ ಸಿಲುಕಿದಾಗ, ದುಡಿಮೆಗಾಗಿ ಪರಸ್ಥಳ ಸೇರಿದ್ದವರಿಗೆ ಮನೆಯವರ ಕ್ಷೇಮಸಮಾಚಾರ ತಿಳಿಯಲು ವಾಟ್ಸ್‌ಆ್ಯಪ್, ಫೇಸ್‌ಬುಕ್‌ಗಳು ನೆರವಾದವು. 2020ರ ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದಾಗ ವಿಡಿಯೊ ಕರೆಗಳು ಹೆತ್ತವರ ಮುಖದರ್ಶನವನ್ನೂ ಮಾಡಿಸಿದವು. ಅಂಚೆಯಣ್ಣನ ಹಾದಿ ಕಾಯುತ್ತಿದ್ದ ತಲೆಮಾರಿಗೆ ಇದು ಅಲ್ಪ ಉಪಕಾರವಲ್ಲ.

ಆದರೆ ಕ್ಷೇಮ ವಿಚಾರಿಸುವುದು ಬೇರೆ, ಕಷ್ಟದಲ್ಲಿ ಜೊತೆ ನಿಲ್ಲುವುದು ಬೇರೆ. ನೆರೆ ಇಳಿದ ಮೇಲೆ ಮನೆಯೊಳಗಿನ ಕೆಸರು ತೆಗೆಯಲು ಕೈಗಳೇ ಬೇಕು. 2019ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಪೋಪ್ ಫ್ರಾನ್ಸಿಸರು, ಜಾಲವು ಮುಖಾಮುಖಿ ಭೇಟಿಗೆ ಪೂರಕವಾಗಬೇಕೆಂದೂ, ಕುಟುಂಬವು ಒಂದೇ ಮೇಜಿನ ಸುತ್ತ ಕೂಡಿದರೆ ಅದು ಸಾರ್ಥಕವೆಂದೂ ತಿಳಿಸಿದ್ದರು. ಊರಿನಲ್ಲಿ ಒಂಟಿಯಾಗಿರುವ ವೃದ್ಧ ತಂದೆತಾಯಿಗಳಿಗೆ ದಿನವೂ ಕರೆ ಮಾಡೋಣ. ಹಬ್ಬಕ್ಕೆ ತಪ್ಪದೆ ಮನೆಗೂ ಹೋಗೋಣ.