ಸ್ಫಟಿಕ ಗೋಳದ ಮುಂದೆ ಕೂತ ಅಜ್ಜ

ಮಸಾಶಿ ಕಿಶಿಮೊಟೊ ಅವರ ‘ನರುಟೊ’ ಮಾಂಗಾದಲ್ಲಿ ಕೊನೊಹಾ ಎಂಬ ನಿಂಜಾಗಳ ಊರಿದೆ. ಅದರ ಮುಖ್ಯಸ್ಥನಿಗೆ ಹೊಕಾಗೆ ಎಂಬ ಬಿರುದು. ಮೂರನೇ ಹೊಕಾಗೆ ಹಿರುಝೆನ್ ಸರುಟೊಬಿಯ ಬಳಿ ಒಂದು ಸ್ಫಟಿಕದ ಗೋಳವಿದೆ. ಪೈಪು ಕಚ್ಚಿಕೊಂಡು ಮುದುಕ ಅದರ ಮುಂದೆ ಕೂತರೆ ಸಾಕು, ತನಗೆ ಗುರುತಿರುವವರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ನೋಡಿದ್ದೆಲ್ಲ ಸರಿ, ನೋಡಿ ಏನು ಮಾಡಿದ? ಅವನನ್ನು ಮೆಚ್ಚುವವರೂ ದೂರುವವರೂ ಕವಲೊಡೆಯುವುದು ಈ ಪ್ರಶ್ನೆಯಲ್ಲೇ.

ಮೆಚ್ಚುವವರ ಮಾತನ್ನು ಮೊದಲು ಕೇಳೋಣ. ಅವರ ಕೈಯಲ್ಲಿ ಗಟ್ಟಿ ಸಾಕ್ಷಿಯೇ ಇದೆ. ಚೂನಿನ್ ಎಂಬ ನಿಂಜಾ ದರ್ಜೆಗೆ ನಡೆಯುವ ಪರೀಕ್ಷೆಯ ಕೊನೆಯ ದಿನ ಹಿರುಝೆನ್‌ನ ಹಳೆಯ ಶಿಷ್ಯ ಒರೊಚಿಮಾರು ಮರಳುನಾಡಿನ ನಾಯಕನ ವೇಷ ಹಾಕಿಕೊಂಡು ಬಂದು ಪಕ್ಕದಲ್ಲೇ ಕೂತಿರುತ್ತಾನೆ. ವೇಷ ಕಳಚುವ ಹೊತ್ತಿಗೆ ಮಾಡಿನ ಮೇಲೆ ಮಾಯಾಬೇಲಿ ಎದ್ದಿದೆ, ಒಳಗೆ ಯಾರೂ ಬರುವಂತಿಲ್ಲ. ಮುದುಕನ ಎದುರು ಒರೊಚಿಮಾರು ಎಬ್ಬಿಸಿ ನಿಲ್ಲಿಸಿದ್ದು ಯಾರನ್ನು? ಸತ್ತುಹೋದ ಮೊದಲ ಮತ್ತು ಎರಡನೇ ಹೊಕಾಗೆಯರನ್ನು, ಅಂದರೆ ಅವನಿಗೆ ವಿದ್ಯೆ ಕಲಿಸಿದ ಗುರುಗಳನ್ನೇ. ಗುರುಗಳೂ ಎದುರಾಳಿ, ಶಿಷ್ಯನೂ ಎದುರಾಳಿ. ಹಿರುಝೆನ್ ಕೊನೆಗೆ ತನ್ನ ಪ್ರಾಣವನ್ನೇ ತೆತ್ತು ಯಮನನ್ನು ಕರೆಯುವ ವಿದ್ಯೆಗೆ ಕೈಹಾಕುತ್ತಾನೆ. ಗುರುಗಳ ಆತ್ಮಗಳು ಬಂಧನಕ್ಕೊಳಗಾಗುತ್ತವೆ. ಒರೊಚಿಮಾರುವಿನ ಆತ್ಮವನ್ನು ಪೂರ್ತಿ ಎಳೆಯಲು ತ್ರಾಣ ಸಾಲದೆ ಅವನ ಎರಡು ಕೈಗಳನ್ನಷ್ಟೇ ನಿಷ್ಕ್ರಿಯಗೊಳಿಸುತ್ತಾನೆ. ಮಂತ್ರಮುದ್ರೆ ಹಾಕುವ ಕೈಗಳೇ ಹೋದ ಮೇಲೆ ಅವನು ಕಲಿತ ವಿದ್ಯೆಗಳೆಲ್ಲ ಅವನ ಪಾಲಿಗೆ ಇದ್ದೂ ಇಲ್ಲದಂತೆ. ಊರು ಉಳಿಯಿತು. ಅಜ್ಜ ನಗುತ್ತಲೇ ಸತ್ತ. ಇಷ್ಟು ಮಾಡಿದವನನ್ನು ವೀರನಲ್ಲ ಎನ್ನುವುದು ಹೇಗೆ?

ಆದರೆ ಅದೇ ಕಾಳಗದಲ್ಲಿ ಅವನ ಪಕ್ಕ ನಿಂತ ವಾನರರಾಜ ಎನ್ಮಾ ಒಂದು ಮಾತನ್ನು ಎತ್ತಿ ಆಡುತ್ತಾನೆ: ಆಗಲೇ ಕೊಲ್ಲಬೇಕಿತ್ತು. ಒರೊಚಿಮಾರು ಮನುಷ್ಯರ ಮೇಲೆ ಗುಟ್ಟಾಗಿ ಪ್ರಯೋಗ ನಡೆಸುತ್ತಿದ್ದಾಗ ಹಿರುಝೆನ್ ಅವನನ್ನು ಕಣ್ಣಾರೆ ಹಿಡಿದಿದ್ದ. ಕೈ ಏಳಲಿಲ್ಲ. ಓಡಿಹೋಗಲು ಬಿಟ್ಟ. ಇದನ್ನು ಓದುವಾಗ ನಮ್ಮವರಿಗೆ ಭೀಷ್ಮ ನೆನಪಾಗುವುದು ಸಹಜ. ಆದರೆ ಭೀಷ್ಮನಿಗಿದ್ದ ನೆಪ ಇವನಿಗಿಲ್ಲ. ಭೀಷ್ಮ ಸಿಂಹಾಸನದ ಮೇಲೆ ಕೂತವನಲ್ಲ; ಹಿರುಝೆನ್ ಕೂತಿದ್ದ. ಗುರುವಿನ ಮಮತೆ ದೊಡ್ಡದು ನಿಜ, ಅದರ ಸಾಲವನ್ನು ಊರು ತೀರಿಸಬೇಕಾಗಿ ಬಂತು.

ಕಥಾನಾಯಕ ನರುಟೊನ ವಿಷಯ ಇನ್ನೂ ತೊಡಕಿನದು. ಒಂಬತ್ತು ಬಾಲದ ನರಿಯನ್ನು ನಾಲ್ಕನೇ ಹೊಕಾಗೆ ಮಿನಾಟೊ ತನ್ನ ಹಸುಗೂಸು ನರುಟೊನ ಹೊಟ್ಟೆಯೊಳಗೆ ಬಂಧಿಸಿ ಸತ್ತ. ನಿವೃತ್ತನಾಗಿದ್ದ ಹಿರುಝೆನ್ ಮತ್ತೆ ಪಟ್ಟಕ್ಕೆ ಬಂದ. ಈ ಗುಟ್ಟನ್ನು ಬಾಯಿಬಿಟ್ಟವರಿಗೆ ಕಠಿಣ ಶಿಕ್ಷೆ ಎಂದು ಕಾನೂನು ಮಾಡಿದ, ಊರಿನ ಮಕ್ಕಳಾದರೂ ಈ ಹುಡುಗನ ಜೊತೆ ಸಹಜವಾಗಿ ಆಡಲಿ ಎಂದು. ಅಪ್ಪ ಯಾರೆಂದೂ ಹೇಳಲಿಲ್ಲ. ಮಿನಾಟೊನ ಶತ್ರುಗಳಿಗೆ ತಿಳಿದರೆ ಮಗುವಿಗೆ ಅಪಾಯವಿತ್ತು. ಲೆಕ್ಕ ತಪ್ಪೇನಲ್ಲ. ಆದರೆ ಕಾನೂನು ಬಾಯಿ ಮುಚ್ಚಿಸಬಲ್ಲದು, ಕಣ್ಣನ್ನಲ್ಲ. ಮೊದಲ ಅಧ್ಯಾಯದಲ್ಲೇ ಆ ಚಿತ್ರವಿದೆ: ನಿಂಜಾ ಶಾಲೆಯ ಪರೀಕ್ಷೆಯಲ್ಲಿ ಪಾಸಾದ ಮಕ್ಕಳನ್ನು ಅಪ್ಪ ಅಮ್ಮಂದಿರು ಮುದ್ದಾಡುತ್ತಿದ್ದಾರೆ, ಫೇಲಾದ ನರುಟೊ ಮರದ ಕೆಳಗಿನ ಉಯ್ಯಾಲೆಯಲ್ಲಿ ಒಬ್ಬನೇ ಕೂತಿದ್ದಾನೆ, ಇಬ್ಬರು ಹೆಂಗಸರು ಅವನತ್ತ ನೋಡಿ ಪಿಸುಗುಡುತ್ತಿದ್ದಾರೆ. ದೊಡ್ಡವರ ಆ ನೋಟವನ್ನೇ ಮಕ್ಕಳೂ ಕಲಿತರು. ಈ ಹುಡುಗನನ್ನು ಊರು ವೀರನೆಂದು ಕಾಣಲಿ ಎಂಬುದು ಸಾಯುವಾಗ ಮಿನಾಟೊಗಿದ್ದ ಆಸೆ. ಅದು ಹಿರುಝೆನ್‌ಗೆ ಚೆನ್ನಾಗಿ ಗೊತ್ತಿತ್ತು.

ಅವನೇನು ಕಲ್ಲೆದೆಯವನಲ್ಲ. ನರುಟೊ ಅವನನ್ನು ಕರೆಯುವುದೇ ಅಜ್ಜ ಎಂದು. ಹುಡುಗ ಬೆಡಗಿನ ಹೆಣ್ಣಾಗಿ ವೇಷ ಬದಲಿಸಿದಾಗ ಮಹಾಪಂಡಿತ ಹೊಕಾಗೆಯ ಮೂಗಿನಲ್ಲಿ ರಕ್ತ ಚಿಮ್ಮುವ ದೃಶ್ಯ ಇವತ್ತಿಗೂ ನಗು ತರಿಸುತ್ತದೆ. ಅವನ ಸ್ವಂತ ಮೊಮ್ಮಗ ಕೊನೊಹಾಮಾರುವಿನ ಗೋಳು ಬೇರೆಯೇ: ಊರವರೆಲ್ಲ ‘ಹೊಕಾಗೆಯ ಮೊಮ್ಮಗ’ ಎನ್ನುತ್ತಾರೆಯೇ ಹೊರತು ಹೆಸರು ಹಿಡಿದು ಕರೆಯುವವರೇ ಇಲ್ಲ. ಒಬ್ಬನಿಗೆ ಬಿರುದಿನ ಭಾರ, ಇನ್ನೊಬ್ಬನಿಗೆ ಕಳಂಕದ ಭಾರ. ಇಬ್ಬರೂ ಅಜ್ಜನ ಕಣ್ಣಳತೆಯಲ್ಲೇ ಬೆಳೆದವರು.

ಇನ್ನು ಕೊನೊಹಾದ ಉಚಿಹಾ ಕುಲದ ಕಗ್ಗೊಲೆ. ಕುಲದವರು ದಂಗೆಗೆ ಸಜ್ಜಾಗುತ್ತಿದ್ದರು. ಮಾತುಕತೆಯಲ್ಲಿ ಬಗೆಹರಿಸಬೇಕೆಂದು ಹಿರುಝೆನ್ ಹಟ ಹಿಡಿದ. ಅವನ ಹಳೆಯ ಗೆಳೆಯ ಡಾಂಜೊ ಕಾಯಲಿಲ್ಲ, ಕುಲದವನೇ ಆದ ಇಟಾಚಿಯ ಕೈಯಿಂದ ಎಲ್ಲರನ್ನೂ ಮುಗಿಸಿದ. ಉಳಿದದ್ದು ಇಟಾಚಿಯ ತಮ್ಮ ಸಾಸುಕೆ ಒಬ್ಬನೇ. ಹಿರುಝೆನ್ ಆಜ್ಞೆ ಕೊಡಲಿಲ್ಲ ಎಂಬುದು ಅವನ ಪರವಾದ ಮಾತು. ಆದರೆ ಡಾಂಜೊನ ಗುಪ್ತ ದಳವನ್ನು ಕಾಗದದ ಮೇಲೆ ವಿಸರ್ಜಿಸಿ, ಅದು ಮರೆಯಲ್ಲಿ ನಡೆಯುತ್ತಲೇ ಇದ್ದರೂ ಬೇರು ಕೀಳದೆ ಬಿಟ್ಟವನು ಅವನೇ. ಇಟಾಚಿ ದ್ರೋಹಿಯ ಹೆಸರು ಹೊತ್ತು ಊರು ಬಿಟ್ಟ, ಅಜ್ಜ ಸುಮ್ಮನಿದ್ದ.

ಇಲ್ಲಿ ಕಥೆಗಾರರ ಪಾಲನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. 1999ರಿಂದ 2014ರವರೆಗೆ ‘ವೀಕ್ಲಿ ಶೋನೆನ್ ಜಂಪ್’ನಲ್ಲಿ 700 ಅಧ್ಯಾಯ ಬಂದ ಕಥೆ ಇದು. ಉಚಿಹಾ ರಹಸ್ಯ ಬಯಲಾಗುವುದು ಹಿರುಝೆನ್ ಸತ್ತು ಎಷ್ಟೋ ಸಂಪುಟಗಳಾದ ಮೇಲೆ. ಕಕ್ಕುಲಾತಿಯ ಅಜ್ಜನಾಗಿ ಬರೆದ ಪಾತ್ರದ ಹೆಗಲಿಗೆ ಆಮೇಲೆ ಈ ಹೊರೆಯೂ ಬಿತ್ತು. ಹೀಗಾಗಿ ಅವನಲ್ಲಿ ಇಬ್ಬರು ಮನುಷ್ಯರು ಕಾಣುತ್ತಾರೆ ಎಂದು ಕೆಲವರು ದೂರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಶಿಷ್ಯನ ಮೇಲೆ ಕೈ ಎತ್ತಲಾರದವನೇ ಹಳೆಯ ಗೆಳೆಯ ಡಾಂಜೊನ ಮೇಲೂ ಕೈ ಎತ್ತಲಾರದೆ ಹೋದ. ಗುಣ ಒಂದೇ, ಎಡವಿದ ಜಾಗ ಎರಡು.

ನನ್ನ ತೀರ್ಪು ಇಷ್ಟು: ಒರೊಚಿಮಾರುವಿನ ವಿಷಯದಲ್ಲಿ ತಪ್ಪಿತಸ್ಥ, ಆ ತಪ್ಪಿಗೆ ಪ್ರಾಣವನ್ನೇ ಕೊಟ್ಟು ಬೆಲೆ ತೆತ್ತ. ಉಚಿಹಾ ವಿಷಯದಲ್ಲಿ ಅರ್ಧ ತಪ್ಪಿತಸ್ಥ. ನರುಟೊ ವಿಷಯದಲ್ಲಿ ಉದ್ದೇಶಕ್ಕೆ ಪೂರ್ತಿ ಅಂಕ, ಫಲಿತಾಂಶಕ್ಕೆ ಅಂಕವಿಲ್ಲ. ತನ್ನ ಅಪ್ಪ ಯಾರೆಂದು ನರುಟೊಗೆ ತಿಳಿದದ್ದು ಸತ್ತ ಅಪ್ಪನೇ ಅವನ ಮನಸ್ಸಿನೊಳಗೆ ಬಂದು ಹೇಳಿದಾಗ. ಅಣ್ಣ ಏಕೆ ಹಾಗೆ ಮಾಡಿದನೆಂದು ಸಾಸುಕೆಗೆ ತಿಳಿದದ್ದು ಅಣ್ಣ ಸತ್ತ ಮೇಲೆ, ಮುಖವಾಡ ತೊಟ್ಟವನೊಬ್ಬನ ಬಾಯಿಂದ. ಹಿರುಝೆನ್ ಆ ಬಗ್ಗೆ ಸಾಸುಕೆಗೆ ಬಾಯಿಬಿಟ್ಟದ್ದು ಮಹಾಯುದ್ಧದ ಹೊತ್ತಿನಲ್ಲಿ, ಅದೂ ಒರೊಚಿಮಾರು ಅವನನ್ನು ಸತ್ತವರ ಲೋಕದಿಂದ ಎಬ್ಬಿಸಿ ತಂದ ಮೇಲೆ.