ಗೋಡೆ ಓದುವ ಭಾಷಣಕಾರರು

ಹೇಳಿಯೇ ಬಿಡ್ತೀನಿ, ಬೇಜಾರಾದ್ರೆ ಬೈದುಕೊಳ್ಳಿ. ನಮ್ಮಲ್ಲಿ 'ಪ್ರೆಸೆಂಟೇಶನ್' ಅಂತ ನಡೆಯೋದು ಬಹುಪಾಲು ಗೋಡೆ ಓದುವ ಕಾರ್ಯಕ್ರಮ. ಪರದೆ ಮೇಲೆ ಇಪ್ಪತ್ತು ಸಾಲು ಇಂಗ್ಲಿಷು, ಅದಕ್ಕೆ ಮುಖ ಮಾಡಿ ನಮಗೆ ಬೆನ್ನು ತೋರಿಸಿ ನಿಂತ ಒಬ್ಬ ಮನುಷ್ಯ. ಅಲ್ರೀ, ಕೂತವರಿಗೂ ಓದೋಕೆ ಬರುತ್ತಲ್ಲ? ಹಾಗಿದ್ರೆ ನೀವ್ಯಾಕೆ ಅಲ್ಲಿ?

'ನಮಗೆ ಟ್ರೇನಿಂಗ್ ಇಲ್ಲ' ಅಂತಾರೆ. ನಾನೊಪ್ಪಲ್ಲ. ನಾನಿರೋದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ಇಲ್ಲಿಂದ ಮಂಡಿಪೇಟೆ ಕಡೆ ಹೋಗಿ, ಯಾವುದಾದ್ರೂ ಸೀರೆ ಅಂಗಡೀಲಿ ಅರ್ಧ ಗಂಟೆ ಕೂತು ನೋಡಿ. ಸಾಹುಕಾರ್ರು 'ನಮ್ಮ ಅಂಗಡಿ ಶುರುವಾಗಿದ್ದು ಇಂಥಾ ಇಸವೀಲಿ, ನಮ್ಮ ವಿಷನ್ ಇದು, ಮಿಷನ್ ಇದು' ಅಂತ ಶುರು ಮಾಡ್ತಾರಾ? 'ಯಾರಿಗ್ರೀ ಅಕ್ಕಾರೆ, ಮದ್ವಿಗಾ, ದಿನಾ ಉಡಾಕಾ?' ಅಂತ ಕೇಳ್ತಾರೆ. ಉತ್ತರ ಬಂದ ಮೇಲೆ ನಾಲ್ಕೇ ಸೀರೆ ಬಿಚ್ತಾರೆ. ಅಕ್ಕಾರು ಸೆರಗು ಮುಟ್ಟಿ ನೋಡುವಾಗ ಬಾಯಿ ಮುಚ್ಚಿಕೊಂಡಿರ್ತಾರೆ. ಇದಕ್ಕಿಂತ ದೊಡ್ಡ ಪಾಠ ಯಾವ ಟ್ರೇನರ್ ಹೇಳಿಕೊಡ್ತಾನೆ?

ಆದರೆ ಅದೇ ಸಾಹುಕಾರ್ರ ಮಗ ಎಂಬಿಎ ಮುಗಿಸಿ ಬ್ಯಾಂಕಿನವರ ಮುಂದೆ ನಿಂತರೆ ನಲವತ್ತು ಸ್ಲೈಡು! ಎಷ್ಟು ಸಾಲ ಬೇಕು, ಹೇಗೆ ತೀರಿಸ್ತೀನಿ ಅನ್ನೋದು ಮೂವತ್ತೆಂಟನೇದ್ರಲ್ಲಿ.

ಇದು ಬರೀ ಬೋರು ಹೊಡೆಸೋ ವಿಷಯ ಅಲ್ಲ. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ಭೂಮಿಗೆ ಮರಳುವಾಗ ಛಿದ್ರವಾಗಿ ಕಲ್ಪನಾ ಚಾವ್ಲಾ ಸೇರಿ 7 ಜನ ಸತ್ತರು. ಉಡಾವಣೆ ವೇಳೆ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡು ರೆಕ್ಕೆಗೆ ಬಡಿದದ್ದು ಅವರು ಮೇಲಿರುವಾಗಲೇ ಗೊತ್ತಿತ್ತು. ಆ ಬಗ್ಗೆ ಎಂಜಿನಿಯರುಗಳು ತೋರಿಸಿದ ಸ್ಲೈಡೊಂದರ ತಲೆಬರಹ ಮಾತ್ರ ಸಮಾಧಾನ ಹೇಳುವಂತಿತ್ತು. ಹಳೆಯ ಪರೀಕ್ಷೆಗಳ ತುಂಡು 3 ಘನ ಅಂಗುಲ, ಈಗ ಬಡಿದದ್ದು ಸುಮಾರು 1,920 ಅನ್ನೋದು ಕಟ್ಟಕಡೆಯ ಚಿಕ್ಕ ಸಾಲಲ್ಲಿತ್ತು. 640 ಪಟ್ಟು! ಇಂಥ ಸ್ಲೈಡುಗಳ ಚಾಳಿಯನ್ನು ತನಿಖಾ ಮಂಡಳಿಯ ವರದಿಯೇ ಟೀಕಿಸಿತು. ನೌಕೆ ಒಡೆದದ್ದು ಸ್ಲೈಡಿನಿಂದಲ್ಲ. ಆದರೆ ಕೂಗಿ ಹೇಳಬೇಕಾದ ಮಾತು ಬುಲೆಟ್ಟುಗಳ ಅಡಿ ಹೂತುಹೋಗಿತ್ತು.

ಹಾಗಂತ ಪ್ರೊಜೆಕ್ಟರ್ ಎತ್ತಿ ಎಸೀರಿ ಅನ್ನಲ್ಲ. 2007ರಲ್ಲಿ ಸ್ಟೀವ್ ಜಾಬ್ಸ್ ಐಫೋನ್ ತೋರಿಸಿದಾಗಲೂ ಪರದೆ ಇತ್ತು. ಐಪಾಡ್, ಫೋನು, ಇಂಟರ್ನೆಟ್ ಸಾಧನ ಅಂತ ಮೂರನ್ನೇ ಮತ್ತೆ ಮತ್ತೆ ಹೇಳಿ, ಕೊನೆಗೆ ಮೂರೂ ಒಂದೇ ಅಂದ. ಪರದೆ ತುಂಬ ಅಕ್ಷರ ಇರಲಿಲ್ಲ, ಮಾತಾಡಿದ್ದು ಅವನು.

ಇನ್ನು ಇಂಗ್ಲಿಷಿನ ಕಥೆ. ಬೆಂಗಳೂರಿನಲ್ಲಿ ಅಮೆರಿಕದ ಗಿರಾಕಿ ಮುಂದೆ ಇಂಗ್ಲಿಷ್ ಬೇಕು, ಒಪ್ಪಿದೆ. ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ಡ್ರಿಪ್ ಪೈಪು ಮಾರೋಕೂ ಬೇಕಾ? ಮಾರುವವನೂ ಕನ್ನಡದವನು, ಕೊಳ್ಳುವವರೂ ಕನ್ನಡದವರು, ನಡುವೆ ಗೋಡೆ ಮೇಲೆ ಮಾತ್ರ ಇಂಗ್ಲಿಷು! ರೈತರು ಮರ್ಯಾದೆಗೆ ತಲೆ ಆಡಿಸ್ತಾರೆ, ಊಟ ಮಾಡ್ತಾರೆ, ಎದ್ದು ಹೋಗ್ತಾರೆ. ಅರ್ಥವಾಗದೆ ಸಹಿ ಹಾಕಿದ್ರೆ ಇನ್ನೂ ಕಷ್ಟ, ಕಂತು ಕಟ್ಟೋರು ಅವರೇ ತಾನೇ?

ಗೆಳೆಯರೇ, ನಮ್ಮೂರಲ್ಲಿ ಕರೆಂಟು ಹೋಗೋದು ಹೊಸದಲ್ಲ :) ಮುಂದಿನ ಸಲ ಸ್ಲೈಡು ಮಾಡೋಕೆ ಕೂರುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈಗ ಕರೆಂಟು ಹೋದ್ರೆ, ಎದುರಿಗೆ ಕೂತವರಿಗೆ ಎರಡು ನಿಮಿಷದಲ್ಲಿ ನಾನೇನು ಹೇಳ್ತೀನಿ? ಅದಕ್ಕೆ ಉತ್ತರ ಸಿಗೋವರೆಗೂ ಕಂಪ್ಯೂಟರ್ ಮುಟ್ಟಬೇಡಿ.