ಬೇಲಿಗೆ ಲೈನ್ ಕರೆಂಟ್ ಕೊಡೋರಿಗೆ

ತೆನೆ ಹಾಲುಗಟ್ಟೋ ಹೊತ್ತು ಬಂತು. ಇನ್ನೊಂದು ತಿಂಗಳು ನಮ್ಮ ಆಲೂರು, ಸಕಲೇಶಪುರದ ಕಡೆ ಗದ್ದೆ ಇರೋರಿಗೆ ನಿದ್ದೆ ಇಲ್ಲ. ಜೊತೆಗೆ ವರ್ಷವರ್ಷದ ಮಾತೂ ಶುರುವಾಗಿದೆ. "ಮನುಷ್ಯನ ಜೀವ ದೊಡ್ಡದೋ, ಆನೆ ಜೀವ ದೊಡ್ಡದೋ? ಲೈನಿಂದಲೇ ಬೇಲಿಗೆ ಕರೆಂಟ್ ಕೊಡಿ, ಒಂದೆರಡು ಬಿದ್ರೆ ಉಳಿದವು ಈ ಕಡೆ ತಲೆ ಹಾಕಲ್ಲ."

ನನ್ನ ನಿಲುವು ಮೊದಲೇ ಹೇಳಿಬಿಡ್ತೀನಿ. ಮನುಷ್ಯನ ಜೀವವೇ ದೊಡ್ಡದು. ಬೆಳಿಗ್ಗೆ ತೋಟದ ಕೆಲಸಕ್ಕೆ ಹೊರಟ ಹೆಂಗಸು ಕಾಫಿ ಗಿಡದ ಮರೆಯಲ್ಲಿ ನಿಂತ ಆನೆಗೆ ಸಿಕ್ಕಿ ಸತ್ತರೆ, ಅವಳ ಮನೆ ಮುಂದೆ ನಿಂತು "ಆನೆ ಮೊದಲಿಂದ ಇಲ್ಲಿತ್ತು, ನೀವು ಆಮೇಲೆ ಬಂದೋರು" ಅನ್ನೋ ಎದೆ ನನಗಿಲ್ಲ. ಹಾಗೆ ಬರೆಯೋ ಪೇಟೆಯವರು ಒಂದು ರಾತ್ರಿ ನಮ್ಮ ಅಟ್ಟಣೆ ಮೇಲೆ ಕೂತು ನೋಡಲಿ.

ಆದ್ರೆ ತಂತಿಗೆ ಲೈನ್ ಕೊಡೋವಾಗ ನೀವು ಆನೆ ಎದುರು ತೂಗ್ತಿರೋದು ಮನುಷ್ಯನ ಜೀವ ಅಲ್ಲ ಕಣ್ರಣ್ಣ, ಭತ್ತ. ಭತ್ತ ಏನು ಕಮ್ಮಿ ಅಲ್ಲ, ವರ್ಷದ ಊಟ. ಹಾಗಿದ್ರೆ ಭತ್ತಕ್ಕೋಸ್ಕರ ಅಂತಲೇ ಹೇಳಿ. ಯಾಕಂದ್ರೆ ಆ ತಂತಿಗೆ ಮನುಷ್ಯರೂ ಸಿಗ್ತಾರೆ. ರಾತ್ರಿ ನೀರು ತಿರುಗಿಸೋಕೆ ಹೋದವನು, ಏಡಿ ಹಿಡಿಯೋ ಹುಡುಗರು, ಹಗ್ಗ ಬಿಚ್ಕೊಂಡ ದನ ಹುಡುಕ್ತಾ ಬಂದವನು. ಕಾಲು ಒದ್ದೆ, ನೆಲ ಕೆಸರು. ಟಾರ್ಚ್ ಇದ್ರೂ ಸಣ್ಣ ತಂತಿ ಕಣ್ಣಿಗೆ ಬೀಳಲ್ಲ. ಹಂದಿಗೆ ಅಂತ ಮೊಣಕಾಲುದ್ದಕ್ಕೆ ಎಳೆದಿದ್ರಂತೂ ಮುಗೀತು.

"ಐಬೆಕ್ಸ್ ಬೇಲಿಯಲ್ಲೂ ಕರೆಂಟೇ ತಾನೆ?" ಅಂತ ಕೇಳೋರಿದ್ದಾರೆ. ಅಲ್ಲ. ಮನೆ ಲೈನು 230 ವೋಲ್ಟ್, ಒಂದೇ ಸಮ ಹರಿಯುತ್ತೆ. ಹಿಡಿದ ಕೈ ಬಿಗಿದುಕೊಳ್ಳುತ್ತೆ, ಬಿಡಬೇಕಂದ್ರೂ ಬಿಡೋಕಾಗಲ್ಲ. ಸೋಲಾರ್ ಬೇಲಿಯ ಮಷಿನ್ ಕೊಡೋದು ಸಾವಿರಗಟ್ಟಲೆ ವೋಲ್ಟೇ ಆದ್ರೂ, ಸುಮಾರು ಸೆಕೆಂಡಿಗೊಂದು ಸಲ, ರೆಪ್ಪೆ ಬಡಿಯೋದಕ್ಕಿಂತ ಬೇಗ ಮುಗಿಯೋ ಹೊಡೆತ. ನಡುವಿನ ಬಿಡುವಲ್ಲಿ ಕೈ ಕಿತ್ಕೋಬಹುದು. ಆನೆಯೂ ಹಾಗೇ ಹಿಂದೆ ಸರಿಯುತ್ತೆ. ಎಲ್ಲಕ್ಕಿಂತ ಕೆಟ್ಟ ಕೆಲಸ ಅಂದ್ರೆ ಬ್ಯಾಟರಿ ಸತ್ತಿದೆ ಅಂತ ಅದೇ ಸೋಲಾರ್ ತಂತಿಗೆ ಪಂಪ್‌ಸೆಟ್ ಬೋರ್ಡಿಂದ ಲೈನ್ ಕೊಡೋದು. ಇದು ಸೋಲಾರು, ಸಾಯಿಸಲ್ಲ ಅಂತ ಊರೋರೆಲ್ಲ ನಂಬಿರ್ತಾರಲ್ಲ.

ಆನೆ ಸೋಲಾರ್ ಬೇಲಿ ಮುರಿಯುತ್ತೆ, ಒಪ್ಪಿದೆ. ಮರ ಬೀಳಿಸುತ್ತೆ, ದಂತದಲ್ಲಿ ತಂತಿ ಎತ್ತುತ್ತೆ. ಆದ್ರೆ ನಮ್ಮ ಬಯಲಿನ ಬೇಲಿಗಳನ್ನ ಕೊಂದಿದ್ದು ಆನೆಯಲ್ಲ, ಕಳೆ. ಹಸಿ ಸೊಪ್ಪು ತಂತಿಗೆ ತಾಗಿದ್ರೆ ಕರೆಂಟ್ ಅಲ್ಲೇ ನೆಲಕ್ಕಿಳಿಯುತ್ತೆ. ಸಹಾಯಧನದಲ್ಲಿ ಬೇಲಿ ಹಾಕಿಸಿಕೊಂಡು, ಆಮೇಲೆ ಕತ್ತಿ ಹಿಡ್ಕೊಂಡು ಒಂದು ಸುತ್ತು ಹೋದೋರು ಎಷ್ಟು ಜನ?

ಇನ್ನು ಒಂದೆರಡು ಬಿದ್ರೆ ಉಳಿದವು ಬರಲ್ಲ ಅನ್ನೋ ಮಾತು. 2014ರ ಸುಮಾರಿಗೆ ನಮ್ಮ ಭಾಗದಿಂದ 22 ಆನೆ ಹಿಡಿದು ಸಾಗಿಸಿದ್ರು. ಗದ್ದೆಗೆ ಆನೆ ಬರೋದು ನಿಂತಿತಾ? 2023ರ ಡಿಸೆಂಬರ್‌ನಲ್ಲಿ ಯಸಳೂರಿನ ಹತ್ತಿರ ದಸರಾ ಅರ್ಜುನ ಸತ್ತಿದ್ದು ಯಾಕೆ? ಮತ್ತೆ ಬಂದ ಕಾಡಾನೆ ಹಿಡಿಯೋ ಕೆಲಸದಲ್ಲೇ. 22 ಹೋಗಿ ಆಗದೆ ಇದ್ದದ್ದು ನಿಮ್ಮ ತಂತಿಗೆ ಎರಡು ಬಿದ್ರೆ ಆಗುತ್ತಾ?

ಕೇಸು, ಜೈಲು ಅಂತ ಹೆದರಿಸೋಕೆ ಬರೆದಿಲ್ಲ, ಅದು ನಿಮಗೇ ಗೊತ್ತು. ಮೊನ್ನೆ ಒಬ್ರು ನನ್ನ ಬೋರ್ಡಿಂದ ಒಂದು ವೈರ್ ಬಿಡು ಅಂದ್ರು. ಬಿಡಲ್ಲ. ಬದು ಹೊಂದಿರೋ ನಾಲ್ಕು ಮನೆಯೋರು ಸೇರಿ ಮಷಿನ್, ಬ್ಯಾಟರಿ ಪಾಲಿಗೆ ತರೋಣ, ಕಳೆ ಹೊಡೆಯೋದು ವಾರಕ್ಕೊಂದು ಮನೆ. ಭಾನುವಾರ ಬೆಳಿಗ್ಗೆ ನಮ್ಮ ಕಣಕ್ಕೆ ಬನ್ನಿ. ಬೇಲಿಗೆ ಲೈನ್ ಎಳೆದದ್ದು ಕಂಡ್ರೆ ಮಾತ್ರ ಲೈನ್‌ಮ್ಯಾನ್‌ಗೆ ಫೋನ್ ಮಾಡ್ತೀನಿ. ನೆಂಟರು ಗಿಂಟರು ಅಂತ ನೋಡಲ್ಲ.